ಮರ ಕಡಿಯುವ ಹತ್ಯಾರಗಳ ಪೋಷಣೆ: ಹಂದನಕೆರೆ ಸೀಮೆಯ ಭೂಮಾಲೀಕರಿಗೆ ತಿಳಿವಳಿಕೆ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದ ಹಂದನಕೆರೆ ಹೋಬಳಿಯೂ, ನೆರೆಯ ತಿಪಟೂರು, ತುರುವೇಕೆರೆ ತಾಲ್ಲೂಕುಗಳೂ ತೆಂಗಿನ ತೋಟಗಳಿಗೆ ಪ್ರಸಿದ್ಧವಾದವು. ಉಂಡೆ ಕೊಬ್ಬರಿಯೇ ಈ ಸೀಮೆಯ ರೈತರ ಮುಖ್ಯ ಆದಾಯವಾಗಿರುವುದಾದರೂ, ತೋಟದ ಬದುಗಳಲ್ಲಿಯೂ ಹೊಲದ ಗಡಿಗಳಲ್ಲಿಯೂ ಹಿತ್ತಿಲುಗಳಲ್ಲಿಯೂ ಹುಣಸೆ, ಹಲಸು, ಬೇವು, ಜಾಲಿ, ಹೊಂಗೆ, ಮಾವು, ತೇಗ ಮುಂತಾದ ಮರಗಳು ತಲೆಮಾರುಗಳಿಂದ ಬೆಳೆದು ನಿಂತಿರುತ್ತವೆ. ಕಾಯಿಯನ್ನು ತಿಂಗಳುಗಟ್ಟಲೆ ಕೂಡಿಟ್ಟು ಕೊಬ್ಬರಿ ಮಾಡುವ ಅಟ್ಟಕ್ಕೆ ತೊಲೆ ಬೇಕು, ಮನೆಗೆ ಬಾಗಿಲುವಾಡ ಬೇಕು, ಮಗಳ ಮದುವೆಗೋ ಕೊಳವೆಬಾವಿಗೋ ಹಣ ಬೇಕು. ಆಗ ಮಾಲೀಕನು ಮರದ ಕಡೆಗೆ ನೋಡುವನು.

ಈ ಮರಗಳನ್ನು ಕಡಿಯುವವರು ದೊಡ್ಡ ಗುತ್ತಿಗೆದಾರರಲ್ಲ. ಇಬ್ಬರು, ಮೂವರು ಅಥವಾ ನಾಲ್ವರು ಕೂಡಿದ ಚಿಕ್ಕ ತಂಡಗಳು; ಒಂದೆರಡು ಕೊಡಲಿ, ಒಂದು ಎರಡಾಳ ಗರಗಸ, ಈಚೆಗೆ ಜನರು ಮಿಷನ್ ಎಂದೇ ಕರೆಯುವ ಸರಪಳಿ ಗರಗಸ, ನಾಲ್ಕು ಮಾರು ಮಿಣಿ, ಇಷ್ಟೇ ಅವರ ಬಂಡವಾಳ. ಕೆಲಸವು ಗುತ್ತಿಗೆಯ ಮೇಲೆ ನಡೆಯುವುದರಿಂದ ಸಂಜೆಯೊಳಗೆ ಮರ ನೆಲಕ್ಕೆ ಬಂದು ದಿಮ್ಮಿಯಾಗಬೇಕೆಂಬ ಆತುರವು ಕೆಲಸದವರಿಗೂ ಇರುತ್ತದೆ, ಮಾಲೀಕನಿಗೂ ಇರುತ್ತದೆ. ಈ ಆತುರದಲ್ಲಿ ಮೊದಲು ಕೈಬಿಟ್ಟುಹೋಗುವುದು ಹತ್ಯಾರಕ್ಕೆ ಸಾಣೆ ಹಿಡಿಯುವ ಹೊತ್ತು. ಮೊಂಡು ಹತ್ಯಾರದಿಂದ ಕೆಲಸ ತಡವಾಗುವುದಷ್ಟೇ ಅಲ್ಲ. ದಿಮ್ಮಿ ಸೀಳುತ್ತದೆ, ಯಂತ್ರ ಸುಡುತ್ತದೆ, ಮರವು ಎಣಿಸಿದ ಕಡೆಗೆ ಬೀಳದೆ ತೆಂಗಿನ ಸಾಲಿನ ಮೇಲೆಯೋ ಆಳಿನ ಮೇಲೆಯೋ ಬೀಳುತ್ತದೆ. ಆದಕಾರಣ ಹತ್ಯಾರಗಳಿಗೆ ಬರುವ ತೊಂದರೆಗಳು ಯಾವುವು, ಅವುಗಳ ಕಾರಣವೇನು, ಅವುಗಳನ್ನು ತಡೆಯುವುದರಲ್ಲಿ ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ಪಾಲೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಮರದ ಗುಣವನ್ನು ಅರಿಯುವುದು

ಎಲ್ಲ ಮರಗಳೂ ಹತ್ಯಾರವನ್ನು ಒಂದೇ ರೀತಿ ಸವೆಸುವುದಿಲ್ಲ. ಹುಣಸೆ ಮತ್ತು ಜಾಲಿ ಬಹಳ ಗಟ್ಟಿಯಾದ ಮರಗಳು. ಹಸಿಯಾಗಿರುವಾಗ ಕಡಿದರೆ ಬಾಯಿ ಕೊಡುತ್ತವೆ. ಒಣಗಿ ನಿಂತ ಮೇಲೆ ಕೊಡಲಿಯನ್ನೇ ಹಿಂದಕ್ಕೆ ಎಸೆಯುತ್ತವೆ. ಹಿಂದೆ ಗಾಣ, ಒನಕೆ, ಗಾಡಿಯ ಚಕ್ರ, ನೇಗಿಲುಗಳಿಗೆ ಇವುಗಳನ್ನೇ ಆರಿಸುತ್ತಿದ್ದುದು ಈ ಗಟ್ಟಿತನಕ್ಕಾಗಿಯೇ. ಹಲಸು ಅಷ್ಟು ಗಟ್ಟಿಯಲ್ಲವಾದರೂ ಅದರ ಮೇಣವು ಗರಗಸದ ಅಲಗಿಗೆ ಅಂಟಿಕೊಂಡು ಅಲಗು ಮರದೊಳಗೇ ಹಿಡಿದುಕೊಳ್ಳುವಂತೆ ಮಾಡುತ್ತದೆ. ಬೇವು ಸಾಧಾರಣ ಗಟ್ಟಿ; ಆದರೆ ಹಳೆಯ ಬೇವಿನ ಬೊಡ್ಡೆಯಲ್ಲಿ ಪೊಟರೆ ಇರುವುದುಂಟು.

ಗಡಿಯ ಮರಗಳಲ್ಲಿ ಮರದ ಗುಣಕ್ಕಿಂತಲೂ ದೊಡ್ಡ ಶತ್ರುವೆಂದರೆ ಅದರೊಳಗೆ ಅಡಗಿರುವ ಕಬ್ಬಿಣ. ಹತ್ತಿಪ್ಪತ್ತು ವರ್ಷಗಳ ಹಿಂದೆ ಬೇಲಿಯ ತಂತಿಯನ್ನು ಮರಕ್ಕೆ ಸುತ್ತಿ ಮೊಳೆ ಹೊಡೆದಿದ್ದರೆ, ಮರವು ದಪ್ಪನಾದಂತೆ ಅದನ್ನು ನುಂಗಿಬಿಡುತ್ತದೆ. ಹೊರಗೆ ಗುರುತೂ ಕಾಣುವುದಿಲ್ಲ. ಗರಗಸದ ಹಲ್ಲು ಅದಕ್ಕೆ ತಾಗಿದರೆ ಒಂದು ನಿಮಿಷದಲ್ಲಿ ಮೊಂಡಾಗುತ್ತದೆ ಅಥವಾ ಮುರಿಯುತ್ತದೆ. ಸರಪಳಿ ಗರಗಸವಾದರೆ ಚೈನು ಹರಿದು ಹಾರುವ ಅಪಾಯವೂ ಉಂಟು. ಮರಕ್ಕೆ ಎಲ್ಲಿ ತಂತಿ ಬಿಗಿದಿದ್ದಿತು, ಎಲ್ಲಿ ದೀಪದ ಕೊಕ್ಕೆ ಹೊಡೆದಿದ್ದಿತು, ಎಲ್ಲಿ ದನ ಕಟ್ಟುವ ಬಳೆ ಇದ್ದಿತು ಎಂಬುದು ಮನೆಯ ಹಿರಿಯರಿಗೆ ತಿಳಿದಿರುತ್ತದೆಯೇ ಹೊರತು ಹೊರಗಿನಿಂದ ಬಂದ ಆಳುಗಳಿಗೆ ತಿಳಿಯದು. ಅದನ್ನು ಕೆಲಸಕ್ಕೆ ಮುಂಚೆ ತೋರಿಸಿ, ಸುಣ್ಣದ ಗುರುತು ಹಾಕಿಸುವುದು ಮಾಲೀಕನ ಮೊದಲನೆಯ ಕರ್ತವ್ಯ. ತೊಗಟೆಗೆ ಮೆತ್ತಿದ ಮಣ್ಣನ್ನೂ ಕೊಯ್ಯುವ ಜಾಗದಲ್ಲಿ ಮಚ್ಚಿನಿಂದ ಹೆರೆದು ತೆಗೆಯತಕ್ಕದ್ದು. ಮಣ್ಣಿನಲ್ಲಿರುವ ಮರಳು ಹಲ್ಲಿಗೆ ಅರದಂತೆಯೇ ಕೆಲಸ ಮಾಡುತ್ತದೆ, ಆದರೆ ವಿರುದ್ಧವಾಗಿ.

2. ಕೊಡಲಿ

ಕೊಡಲಿಯ ತೊಂದರೆಗಳು ಎರಡೇ: ಬಾಯಿ ಮತ್ತು ಕಾವು. ಬಾಯಿ ಮೊಂಡಾದ ಕೊಡಲಿಯು ಮರದೊಳಗೆ ಇಳಿಯದೆ ಜಾರುತ್ತದೆ; ಜಾರಿದ ಕೊಡಲಿಯು ಹೋಗುವ ದಿಕ್ಕು ಕಡಿಯುವವನ ಮೊಣಕಾಲು ಅಥವಾ ಪಾದ. ಆದ್ದರಿಂದ ಹರಿತವಾದ ಕೊಡಲಿಗಿಂತ ಮೊಂಡು ಕೊಡಲಿಯೇ ಹೆಚ್ಚು ಅಪಾಯಕರವೆಂದು ತಿಳಿಯತಕ್ಕದ್ದು.

ಸಾಣೆ ಹಿಡಿಯುವಾಗ ನೀರು ಬಿಡುತ್ತಾ ಸಾಣೆಕಲ್ಲಿನ ಮೇಲೆ ನಿಧಾನವಾಗಿ ಉಜ್ಜತಕ್ಕದ್ದು. ಈಗ ಅನೇಕರು ವೆಲ್ಡಿಂಗ್ ಅಂಗಡಿಯಲ್ಲಿ ವಿದ್ಯುತ್ ಚಕ್ರಕ್ಕೆ ಒಣಗಿದ ಕೊಡಲಿಯನ್ನು ಒತ್ತಿ ಹರಿತ ಮಾಡಿಸುತ್ತಾರೆ. ಕಿಡಿ ಹಾರುವುದು ನೋಡಲು ಚೆನ್ನ. ಆದರೆ ಬಾಯಿ ಕಾದು ನೀಲಿಬಣ್ಣಕ್ಕೆ ತಿರುಗಿದೊಡನೆ ಉಕ್ಕಿನ ಹದ ಇಳಿದುಹೋಗುತ್ತದೆ. ಅಂಥ ಕೊಡಲಿಯು ಎಷ್ಟು ಸಾಣೆ ಕೊಟ್ಟರೂ ಹರಿತವನ್ನು ಹಿಡಿದಿಡುವುದಿಲ್ಲ. ಕುಲುಮೆಗೆ ಕೊಟ್ಟು ಮತ್ತೆ ಹದ ಹಾಕಿಸಬೇಕಾಗುತ್ತದೆ. ಚಕ್ರವನ್ನೇ ಬಳಸುವುದಾದರೆ ಕ್ಷಣಕ್ಷಣಕ್ಕೂ ಬಾಯಿಯನ್ನು ನೀರಿನಲ್ಲಿ ಅದ್ದುತ್ತಿರಬೇಕು.

ಕೊಡಲಿಯ ಕಾವು ಕುಲಕ್ಕೆ ಸಾವು ಎಂಬ ಗಾದೆಯು ಬೇರೆ ಅರ್ಥದಲ್ಲಿ ಹುಟ್ಟಿದುದು. ಆದರೆ ಕಾವು ಸಡಿಲವಾಗಿದ್ದರೆ ಅದು ಕಡಿಯುವವನ ಕುಲಕ್ಕೇ ಸಾವಾಗಬಹುದು. ಕಾವಿಗೆ ದಿಂಡಿಗ, ತಡಸಲು ಮುಂತಾದ ನಾರುಳ್ಳ, ಬಾಗಿದರೂ ಮುರಿಯದ ಮರಗಳು ಶ್ರೇಷ್ಠ. ನಾರು ಕಾವಿನ ಉದ್ದಕ್ಕೂ ನೇರವಾಗಿ ಓಡಿರಬೇಕು; ಅಡ್ಡನಾರು, ಗಂಟು ಇರಕೂಡದು. ಕೊಡಲಿ ಅಲುಗಾಡಿದಾಗ ಅದನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕುವ ವಾಡಿಕೆ ಉಂಟು. ನೆನೆದ ಕಾವು ಉಬ್ಬಿ ಬೆಳಗ್ಗೆ ಬಿಗಿಯಾದಂತೆ ತೋರಿದರೂ, ಬಿಸಿಲಿಗೆ ಒಣಗಿದೊಡನೆ ಮೊದಲಿಗಿಂತಲೂ ಹೆಚ್ಚಾಗಿ ಕುಗ್ಗಿ ಮಧ್ಯಾಹ್ನಕ್ಕೆ ತಲೆ ಹಾರಿಹೋಗುತ್ತದೆ. ಒಣಗಿದ ಗಟ್ಟಿಮರದ ಬೆಣೆಯನ್ನು ಹೊಡೆದು ಬಿಗಿಮಾಡುವುದು, ಅಥವಾ ಹೊಸ ಕಾವು ಹಾಕಿಸುವುದು, ಇವೆರಡೇ ಸರಿಯಾದ ಮಾರ್ಗ.

3. ಎರಡಾಳ ಗರಗಸ

ಯಂತ್ರ ಬಂದ ಮೇಲೂ ದೊಡ್ಡ ಬೊಡ್ಡೆಗಳಿಗೆ ಇಬ್ಬರು ಎಳೆಯುವ ಗರಗಸವು ಕೆಲವು ಕಡೆ ಉಳಿದಿದೆ. ಅದರ ಮುಖ್ಯ ತೊಂದರೆ ಮರದಲ್ಲಿ ಸಿಕ್ಕಿಕೊಳ್ಳುವುದು. ಇದಕ್ಕೆ ಕಾರಣ ಬಲದ ಕೊರತೆಯಲ್ಲ, ಹಲ್ಲುಗಳ ಬಾಗಿನ ಕೊರತೆ. ಗರಗಸದ ಹಲ್ಲುಗಳನ್ನು ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ತುಸುವೇ ಬಾಗಿಸಿರುತ್ತಾರೆ. ಇದರಿಂದ ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ, ಅಲಗು ಸಲೀಸಾಗಿ ಓಡುತ್ತದೆ. ಪದೇ ಪದೇ ಅರ ಹಾಕಿದಂತೆ ಈ ಬಾಗು ಕಳೆದುಹೋಗುತ್ತದೆ. ಹಸಿ ಮರಕ್ಕೆ ಬಾಗು ಹೆಚ್ಚಾಗಿಯೂ ಒಣ ಗಟ್ಟಿಮರಕ್ಕೆ ಕಡಿಮೆಯಾಗಿಯೂ ಇರಬೇಕು.

ಅರ ಹಾಕುವ ಕ್ರಮವಿದು: ಮೊದಲು ಚಪ್ಪಟೆ ಅರವನ್ನು ಹಲ್ಲುಗಳ ತುದಿಯ ಮೇಲೆ ಉದ್ದಕ್ಕೂ ಎಳೆದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು, ತರುವಾಯ ಬಾಗನ್ನು ಸರಿಪಡಿಸುವುದು, ಕಡೆಗೆ ಒಂದೊಂದು ಹಲ್ಲಿಗೂ ಮೊನೆ ಕೊಡುವುದು. ಮಟ್ಟ ಮಾಡದೆ ಮೊನೆ ಮಾತ್ರ ಕೊಟ್ಟರೆ ಎತ್ತರದ ನಾಲ್ಕು ಹಲ್ಲುಗಳು ಮಾತ್ರ ಕೊಯ್ಯುತ್ತವೆ, ಉಳಿದವು ಸುಮ್ಮನೆ ಸವರಿಕೊಂಡು ಹೋಗುತ್ತವೆ. ಒಂದು ಪಕ್ಕದ ಬಾಗು ಹೆಚ್ಚಾದರೆ ಕೊಯ್ತವು ಆ ಕಡೆಗೇ ಓಡಿ ಹಲಗೆ ಸೊಟ್ಟಗಾಗುವುದು. ಹಲಸನ್ನು ಕೊಯ್ಯುವಾಗ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಆಗಾಗ್ಗೆ ಅಲಗನ್ನು ಒರೆಸಿದರೆ ಮೇಣ ಬಿಡುತ್ತದೆ. ಸಂಜೆ ಅಲಗಿಗೆ ಎಣ್ಣೆ ಸವರಿ, ನೆಲಕ್ಕೆ ತಾಗದಂತೆ ತೂಗುಹಾಕತಕ್ಕದ್ದು.

4. ಸರಪಳಿ ಗರಗಸ

ಈ ಯಂತ್ರವು ಈ ಸೀಮೆಗೆ ಹೊಸದಾದರೂ ಲೋಕಕ್ಕೆ ಹೊಸದಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬುವರು 1926ರಲ್ಲಿ ವಿದ್ಯುತ್ತಿನಿಂದ ಓಡುವುದನ್ನೂ 1929ರಲ್ಲಿ ಪೆಟ್ರೋಲಿನಿಂದ ಓಡುವುದನ್ನೂ ಹೊರತಂದರು. ಆದರೆ ಇಂದು ಬಳಕೆಯಲ್ಲಿರುವ ಹಲ್ಲಿನ ಆಕಾರಕ್ಕೆ ದಾರಿ ತೋರಿದುದು ಒಂದು ಹುಳು. ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬುವರು 1946ರಲ್ಲಿ ಬೊಡ್ಡೆಯೊಂದನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಕಂಡರು. ಅದು ಬಾಗಿದ ದವಡೆಗಳಿಂದ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಕತ್ತರಿಸುತ್ತಾ ಗಟ್ಟಿಮರದೊಳಗೆ ಸುಲಭವಾಗಿ ಸಾಗುತ್ತಿತ್ತು. ಅದನ್ನು ಅನುಸರಿಸಿ ಅವರು ಎಡ ಹಲ್ಲು, ಬಲ ಹಲ್ಲು ಎಂದು ಸರದಿಯಾಗಿ ಜೋಡಿಸಿದ ಚೈನನ್ನು ಮಾಡಿದರು. ತೆಂಗಿನ ತೋಟದವರು ಕೊರೆಯುವ ಹುಳುಗಳನ್ನು ಬಲ್ಲವರೇ. ಚೈನಿನ ಗುಟ್ಟೂ ಅದೇ ಎಂದು ತಿಳಿದರೆ ಅದರ ಪೋಷಣೆ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ.

(ಅ) ಹಲ್ಲಿನ ಹರಿತ. ಹರಿತವಾದ ಚೈನು ಮರದಿಂದ ಚಕ್ಕೆಗಳನ್ನು ಉಗುಳುತ್ತದೆ. ಮೊಂಡಾದುದು ಹಿಟ್ಟಿನಂಥ ಪುಡಿಯನ್ನು ಉದುರಿಸುತ್ತದೆ. ಹರಿತವಾದುದು ತನ್ನ ಭಾರದಿಂದಲೇ ಮರದೊಳಗೆ ಇಳಿಯುತ್ತದೆ, ಮೊಂಡಾದುದನ್ನು ಒತ್ತಬೇಕಾಗುತ್ತದೆ. ಆದ್ದರಿಂದ ಮಾಲೀಕನು ಯಂತ್ರವನ್ನು ಅರಿಯದಿದ್ದರೂ ನೆಲಕ್ಕೆ ಬಿದ್ದ ಪುಡಿಯನ್ನು ನೋಡಿ ಹತ್ಯಾರದ ಸ್ಥಿತಿಯನ್ನು ಹೇಳಬಹುದು. ಪುಡಿ ಹಿಟ್ಟಿನಂತಿದ್ದು, ಸುಟ್ಟ ವಾಸನೆ ಬಂದರೆ ಕೆಲಸವನ್ನು ಕೂಡಲೇ ನಿಲ್ಲಿಸಿಸತಕ್ಕದ್ದು.

ಚೈನಿನ ಅಳತೆಗೆ ತಕ್ಕಂತೆ 4.0, 4.8 ಅಥವಾ 5.5 ಮಿಲಿಮೀಟರ್ ದಪ್ಪದ ದುಂಡು ಅರ ಬೇಕು. ಯಾವ ಅಳತೆ, ಯಾವ ಓರೆ ಎಂಬುದು ಯಂತ್ರದೊಡನೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ಸಾಧಾರಣವಾಗಿ ಓರೆಯು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ತರುವಾಗ ಎತ್ತಿಕೊಳ್ಳಬೇಕು. ಒಂದು ಹಲ್ಲಿಗೆ ಎಷ್ಟು ಬಾರಿ ತಳ್ಳಿದರೋ ಎಲ್ಲಕ್ಕೂ ಅಷ್ಟೇ ಬಾರಿ ತಳ್ಳಬೇಕು. ಬಲಗೈಯವರು ಒಂದು ಪಕ್ಕದ ಹಲ್ಲುಗಳನ್ನು ಚೆನ್ನಾಗಿಯೂ ಇನ್ನೊಂದು ಪಕ್ಕದವನ್ನು ಅರೆಮನಸ್ಸಿನಿಂದಲೂ ಅರೆಯುವುದುಂಟು. ಆಗ ಕೊಯ್ತವು ಕುಡುಗೋಲಿನಂತೆ ಒಂದು ಕಡೆಗೆ ಬಾಗಿ ಪಟ್ಟಿಯು ಮರದಲ್ಲಿ ಹಿಡಿದುಕೊಳ್ಳುತ್ತದೆ. ಜನರು ಇದನ್ನು ಯಂತ್ರದ ದೋಷವೆಂದು ಭಾವಿಸಿ ರಿಪೇರಿಗೆ ಒಯ್ಯುವರು. ವಾಸ್ತವದಲ್ಲಿ ಅದು ಅರದ ದೋಷ.

ಪ್ರತಿ ಹಲ್ಲಿನ ಮುಂದೆಯೂ ಒಂದು ಚಿಕ್ಕ ಗುಬುಟು ಇರುತ್ತದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ಅದು ನಿರ್ಣಯಿಸುತ್ತದೆ. ಅನೇಕ ಚೈನುಗಳಲ್ಲಿ ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲು ಸವೆದಂತೆ ಇದನ್ನೂ ಚಪ್ಪಟೆ ಅರದಿಂದ ಅಳತೆಗೆ ತರಬೇಕು. ಬೇಗ ಕೊಯ್ಯಲೆಂದು ಇದನ್ನು ಅತಿಯಾಗಿ ತಗ್ಗಿಸಿದರೆ ಹಲ್ಲು ಮರವನ್ನು ಕಚ್ಚಿ ಹಿಡಿದು ಯಂತ್ರವು ಜಗ್ಗುತ್ತದೆ. ಕೈಯಿಂದ ಚಿಮ್ಮುವ ಭಯವೂ ಹೆಚ್ಚುತ್ತದೆ.

(ಆ) ಬಿಗಿ ಮತ್ತು ಎಣ್ಣೆ. ಚೈನು ಪಟ್ಟಿಯ ಕೆಳಗಡೆ ಜೋತುಬೀಳದೆ ಅಂಟಿಕೊಂಡಿರಬೇಕು. ಆದರೆ ಯಂತ್ರ ನಿಂತಿರುವಾಗ ಕೈಚೀಲ ತೊಟ್ಟ ಕೈಯಿಂದ ಎಳೆದರೆ ಸರಾಗವಾಗಿ ಸರಿಯಬೇಕು. ಹೊಸ ಚೈನು ಬೇಗನೆ ಸಡಿಲವಾಗುವುದರಿಂದ ಅದನ್ನು ಮತ್ತೆ ಮತ್ತೆ ನೋಡತಕ್ಕದ್ದು. ಕಾದು ಹಿಗ್ಗಿದಾಗ ಬಿಗಿಮಾಡಿದ ಚೈನನ್ನು ಕೆಲಸ ಮುಗಿದ ಮೇಲೆ ಸಡಿಲಿಸದೆ ಬಿಟ್ಟರೆ, ಆರಿದಾಗ ಅದು ಕುಗ್ಗಿ ಯಂತ್ರದ ಬೇರಿಂಗುಗಳನ್ನು ಜಗ್ಗುತ್ತದೆ. ಪಟ್ಟಿಯ ಗಾಡಿಯಲ್ಲಿ ಸೇರಿಕೊಂಡ ಪುಡಿಯನ್ನು ದಿನವೂ ಕೆದಕಿ ತೆಗೆದು, ಆಗಾಗ್ಗೆ ಪಟ್ಟಿಯನ್ನು ಮೇಲುಕೆಳಗಾಗಿ ತಿರುಗಿಸಿ ಹಾಕಿದರೆ ಎರಡೂ ಅಂಚುಗಳು ಸಮನಾಗಿ ಸವೆಯುತ್ತವೆ.

ಚೈನಿಗೆ ಬೇಕಾದ ಎಣ್ಣೆಗೆ ಬೇರೆ ತೊಟ್ಟಿ ಇರುತ್ತದೆ. ಪೆಟ್ರೋಲ್ ತುಂಬಿದಾಗಲೆಲ್ಲ ಇದನ್ನೂ ತುಂಬತಕ್ಕದ್ದು. ಎಣ್ಣೆ ಬರುತ್ತಿದೆಯೇ ಎಂದು ತಿಳಿಯಲು, ಓಡುವ ಚೈನಿನ ತುದಿಯನ್ನು ಬಿಳಿಯ ಕಾಗದದ ಅಥವಾ ಹೊಸದಾಗಿ ಕೊಯ್ದ ಬೊಡ್ಡೆಯ ಮುಂದೆ ತಾಗದಂತೆ ಹಿಡಿದರೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಎಣ್ಣೆಯ ರಂಧ್ರ ಕಟ್ಟಿದೆಯೆಂದರ್ಥ. ಟ್ರಾಕ್ಟರಿನಿಂದ ಇಳಿಸಿದ ಸುಟ್ಟ ಎಣ್ಣೆಯನ್ನು ಹಾಕುವ ವಾಡಿಕೆ ಕೆಟ್ಟದ್ದು. ಅದರಲ್ಲಿರುವ ಕಬ್ಬಿಣದ ಸಣ್ಣ ಕಣಗಳು ಪಟ್ಟಿಯನ್ನೂ ಎಣ್ಣೆಯ ಪಂಪನ್ನೂ ತಿನ್ನುತ್ತವೆ, ಚರ್ಮಕ್ಕೂ ಹಾನಿಕರ.

(ಇ) ಇಂಧನ ಮತ್ತು ಗಾಳಿ. ಈ ಯಂತ್ರಗಳಲ್ಲಿ ಬಹುಪಾಲು ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸುವ ಜಾತಿಯವು. 50ಕ್ಕೆ 1ರ ಪ್ರಮಾಣವೆಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. 25ಕ್ಕೆ 1 ಎಂದರೆ 40 ಮಿಲಿಲೀಟರ್. ಯಾವುದು ಸರಿಯೆಂಬುದನ್ನು ಯಂತ್ರದ ಪುಸ್ತಕವೂ ಎಣ್ಣೆಯ ಡಬ್ಬಿಯೂ ಹೇಳುತ್ತವೆ. ಅಳತೆಯ ಲೋಟವಿಲ್ಲದೆ ಕಣ್ಣಳತೆಯಿಂದ ಸುರಿಯಕೂಡದು. ಎಣ್ಣೆ ಕಡಿಮೆಯಾದರೆ ಪಿಸ್ಟನ್ನು ಉಜ್ಜಿ ಹಿಡಿದುಕೊಂಡು ಯಂತ್ರವೇ ಹಾಳಾಗುವುದು. ಹೆಚ್ಚಾದರೆ ಹೊಗೆ ಬಂದು ಪ್ಲಗ್ಗು ಕಪ್ಪಾಗುವುದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ಬೆರೆಸಿದ ಇಂಧನವನ್ನು ತಿಂಗಳುಗಟ್ಟಲೆ ಇಟ್ಟು ಬಳಸಕೂಡದು. ಮಳೆಗಾಲದಲ್ಲಿ ಯಂತ್ರವನ್ನು ಎತ್ತಿಡುವಾಗ ತೊಟ್ಟಿಯನ್ನು ಬರಿದುಮಾಡಿ ಇಡತಕ್ಕದ್ದು.

ಕೊಯ್ಯುತ್ತಿರುವಾಗ ಯಂತ್ರವು ಬಲ ಕಳೆದುಕೊಂಡು ಕಪ್ಪು ಹೊಗೆ ಬಿಟ್ಟರೆ ಮೊದಲು ನೋಡತಕ್ಕದ್ದು ಗಾಳಿ ಸೋಸುವ ಜಾಲರಿಯನ್ನು. ಬೇಸಿಗೆಯ ದೂಳೂ ಮರದ ಪುಡಿಯೂ ಅದನ್ನು ಒಂದೇ ದಿನದಲ್ಲಿ ಮುಚ್ಚಬಲ್ಲವು. ಹೊರಡದ ಯಂತ್ರದ ಹಗ್ಗವನ್ನು ಕೈ ಸೋಲುವವರೆಗೆ ಎಳೆಯುವ ಬದಲು, ಜಾಲರಿ, ಪ್ಲಗ್ಗು, ಇಂಧನ ಎಂಬ ಮೂರನ್ನು ಈ ಕ್ರಮದಲ್ಲಿ ಪರೀಕ್ಷಿಸಿದರೆ ಅನೇಕ ವೇಳೆ ದೋಷ ಸಿಕ್ಕುತ್ತದೆ.

(ಈ) ಹಿಂದಕ್ಕೆ ಚಿಮ್ಮುವುದು. ಓಡುತ್ತಿರುವ ಪಟ್ಟಿಯ ತುದಿಯ ಮೇಲ್ಭಾಗವು ಕೊಂಬೆಗೋ ಇನ್ನೊಂದು ದಿಮ್ಮಿಗೋ ತಾಗಿದರೆ ಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ. ಇದು ಈ ಯಂತ್ರದ ಅತ್ಯಂತ ಭಯಂಕರವಾದ ಅಪಾಯ. ಎರಡು ಕೈಗಳಿಂದಲೂ ಹೆಬ್ಬೆರಳು ಸುತ್ತಿ ಹಿಡಿಯುವುದು, ಹೆಗಲಿಗಿಂತ ಎತ್ತರಕ್ಕೆ ಎತ್ತದಿರುವುದು, ತುದಿಯಿಂದ ಕೊಯ್ಯದಿರುವುದು, ಚೈನು ನಿಲ್ಲಿಸುವ ಬ್ರೇಕು ಸರಿಯಾಗಿರುವುದು, ಇವೇ ರಕ್ಷಣೆ. ಬ್ರೇಕು ಕೆಟ್ಟ ಯಂತ್ರವನ್ನು ತನ್ನ ಜಮೀನಿನೊಳಕ್ಕೆ ಬಿಡಕೂಡದು. ಮರವೇರಿ ಒಂದೇ ಕೈಯಿಂದ ಯಂತ್ರ ಹಿಡಿದು ಕೊಂಬೆ ಕಡಿಯುವುದನ್ನು ಸಾಹಸವೆಂದು ಹೊಗಳುವವರುಂಟು. ಅದು ಆತ್ಮಹತ್ಯೆಗೆ ಸಮಾನ. ಯಂತ್ರದ ಸದ್ದು ಕಿವಿಯನ್ನು ಕ್ರಮೇಣ ಕಿವುಡು ಮಾಡುವುದರಿಂದ ಕಿವಿಗೆ ಮುಚ್ಚಳವೂ, ಕಣ್ಣಿಗೆ ಕನ್ನಡಕವೂ, ತಲೆಗೆ ಗಟ್ಟಿ ಟೋಪಿಯೂ, ಕಾಲಿಗೆ ಬೂಟೂ ಇರಬೇಕು.

5. ಮರವನ್ನು ಕೆಡಹುವ ಕ್ರಮ

ಕೆಡಹುವ ಮೊದಲು ಮರವು ಯಾವ ಕಡೆಗೆ ವಾಲಿದೆ, ಕೊಂಬೆಯ ಭಾರ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ನೋಡತಕ್ಕದ್ದು. ಕೆಲಸಕ್ಕೆ ಸೇರದವರು ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕು. ಕಡಿಯುವವರು ಓಡಿಹೋಗಲು ಹಿಂಭಾಗದಲ್ಲಿ ಓರೆಯಾಗಿ ದಾರಿಯನ್ನು ಮುಂಚಿತವಾಗಿಯೇ ಬಿಡಿಸಿಟ್ಟುಕೊಳ್ಳಬೇಕು.

ಬೀಳಬೇಕಾದ ಕಡೆಗೆ ಮೊದಲು ಒಂದು ಕಚ್ಚು ಹಾಕತಕ್ಕದ್ದು. ಅದರ ಆಳವು ಮರದ ದಪ್ಪದ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗ. ತರುವಾಯ ಹಿಂಭಾಗದಿಂದ, ಕಚ್ಚಿನ ತಳಕ್ಕಿಂತ ಒಂದೆರಡು ಅಂಗುಲ ಮೇಲೆ ಕೊಯ್ಯುತ್ತಾ ಬರಬೇಕು. ಆದರೆ ಎರಡು ಕೊಯ್ತಗಳೂ ಕೂಡಕೂಡದು. ನಡುವೆ ಮರದ ದಪ್ಪದ ಹತ್ತನೆಯ ಒಂದು ಭಾಗವನ್ನು ಉಳಿಸಬೇಕು. 60 ಸೆಂಟಿಮೀಟರ್ ದಪ್ಪದ ಹುಣಸೆಯಾದರೆ ಕಚ್ಚು 12ರಿಂದ 15 ಸೆಂಟಿಮೀಟರ್, ಉಳಿಸುವ ಪಟ್ಟೆ 6 ಸೆಂಟಿಮೀಟರ್. ಈ ಪಟ್ಟೆಯು ಬಾಗಿಲಿನ ಕೀಲಿನಂತೆ ಮರವನ್ನು ಹಿಡಿದುಕೊಂಡು, ಎಣಿಸಿದ ಕಡೆಗೇ ನಿಧಾನವಾಗಿ ಬಾಗಿಸುತ್ತದೆ. ಪಟ್ಟೆಯನ್ನು ಕೊಯ್ದುಬಿಟ್ಟರೆ ಮರವು ಯಾರ ಮಾತನ್ನೂ ಕೇಳುವುದಿಲ್ಲ.

ಮೊಂಡು ಹತ್ಯಾರವು ಕೇಡು ಮಾಡುವುದು ಇಲ್ಲಿಯೇ. ಓರೆಯಾಗಿ ಓಡುವ ಚೈನು ಪಟ್ಟೆಯ ಒಂದು ಕೊನೆಯನ್ನು ತೆಳ್ಳಗೂ ಇನ್ನೊಂದನ್ನು ದಪ್ಪಗೂ ಮಾಡುತ್ತದೆ. ಮರವು ದಪ್ಪ ಕೊನೆಯ ಕಡೆಗೆ ತಿರುಗಿ ಬೀಳುತ್ತದೆ. ಹೆಚ್ಚಾಗಿ ವಾಲಿದ ಮರದಲ್ಲಿ ಕೊಯ್ತ ನಿಧಾನವಾದರೆ, ಅದು ಪೂರ್ತಿ ಆಗುವ ಮೊದಲೇ ಬೊಡ್ಡೆಯು ಉದ್ದಕ್ಕೆ ಸೀಳಿ ಹಿಂಭಾಗವು ಮೇಲಕ್ಕೆ ಚಿಮ್ಮುತ್ತದೆ. ಆಳಿಗೂ ಅಪಾಯ, ಬೆಲೆಬಾಳುವ ಬುಡದ ದಿಮ್ಮಿಯೂ ಹಾಳು. ಅಂಥ ಮರವನ್ನು ಪಳಗಿದ ಕಸಬುದಾರರಿಗೇ ಒಪ್ಪಿಸತಕ್ಕದ್ದು.

ಕೊಯ್ತದಲ್ಲಿ ಪಟ್ಟಿ ಹಿಡಿದುಕೊಳ್ಳದಂತೆ ಬೆಣೆ ಹೊಡೆಯಬೇಕು. ಸರಪಳಿ ಗರಗಸದೊಡನೆ ಮರದ ಅಥವಾ ಪ್ಲಾಸ್ಟಿಕ್ ಬೆಣೆಯನ್ನೇ ಬಳಸಬೇಕು. ಕಬ್ಬಿಣದ ಬೆಣೆಗೆ ಚೈನು ತಾಗಿದರೆ ಹಲ್ಲು ಮುರಿಯುತ್ತದೆ. ಬೀಳುವ ಮರವು ಇನ್ನೊಂದರ ಮೇಲೆ ಒರಗಿ ನಿಂತರೆ, ಅದರ ಕೆಳಗೆ ನಿಂತು ಕಡಿಯುವುದಾಗಲಿ, ಆಧಾರವಾದ ಮರವನ್ನು ಕಡಿಯುವುದಾಗಲಿ, ಮೇಲೆ ಹತ್ತುವುದಾಗಲಿ ಕೂಡದು. ಉದ್ದವಾದ ಮಿಣಿಯಿಂದ ದೂರದಲ್ಲಿ ನಿಂತ ಟ್ರಾಕ್ಟರಿಗೆ ಕಟ್ಟಿ ಬೊಡ್ಡೆಯನ್ನು ಎಳೆಯಿಸತಕ್ಕದ್ದು. ವಿದ್ಯುತ್ ತಂತಿ ಸಮೀಪದಲ್ಲಿದ್ದರೆ ಬೆಸ್ಕಾಂನವರಿಗೆ ತಿಳಿಸಿ, ಅವರು ಪ್ರವಾಹವನ್ನು ನಿಲ್ಲಿಸಿದ ಮೇಲೆಯೇ ಕೈಹಾಕತಕ್ಕದ್ದು.

6. ತೆಂಗಿನ ಮರದ ವಿಶೇಷ

ತೆಂಗು ಬೇರೆ ಮರಗಳಂತಲ್ಲ. ಹಲಸು ತೇಗಗಳಲ್ಲಿ ಗಟ್ಟಿಯಾದ ಚೇಗು ಒಳಗಿರುತ್ತದೆ. ತೆಂಗಿನಲ್ಲಿ ಚೇಗೇ ಇಲ್ಲ, ಗಟ್ಟಿಯಾದ ಭಾಗವು ಹೊರಗಿದ್ದು ನಡುವೆ ಮೆದುವಾದ ನಾರು ಇರುತ್ತದೆ. ಬಲಿತ ಮರದ ಬುಡದ ಹೊರಭಾಗವು ಒಂದು ಘನಮೀಟರಿಗೆ 600 ಕಿಲೋಗ್ರಾಂಗಿಂತ ಹೆಚ್ಚು ತೂಗುವುದು. ನಡುವಿನದು 400ಕ್ಕೂ ಕಡಿಮೆ. ಈ ಗಟ್ಟಿ ಹೊರಭಾಗವು ಸಾಧಾರಣ ಗರಗಸವನ್ನು ಬಹು ಬೇಗ ಮೊಂಡು ಮಾಡುತ್ತದೆ. ತೆಂಗನ್ನು ಹಲಗೆಯಾಗಿ ಕೊಯ್ಯಿಸುವವರು ಗಟ್ಟಿಲೋಹದ ತುದಿಯುಳ್ಳ ಅಲಗಿರುವ ಸಾಮಿಲ್ಲನ್ನು ಆರಿಸುವುದು ಲಾಭ. ತೊಲೆಗೆ ಹೊರಭಾಗವನ್ನೇ ಬಳಸಬೇಕು. ಒಳಭಾಗವು ಭಾರ ಹೊರುವ ಕೆಲಸಕ್ಕೆ ಬಾರದು.

ಅಣಬೆ ರೋಗದಿಂದ ಸತ್ತ ತೆಂಗಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ರೋಗವು ಬೇರನ್ನೂ ಬುಡವನ್ನೂ ಕೊಳೆಯಿಸಿರುವುದರಿಂದ ಮೇಲೆ ಹೇಳಿದ ಕೀಲಿನ ಪಟ್ಟೆಯನ್ನು ನಂಬುವಂತಿಲ್ಲ. ಮಿಣಿ ಕಟ್ಟಿ, ದೂರದಿಂದ ಎಳೆದು ಕೆಡಹುವುದು ಕ್ಷೇಮ. ತರುವಾಯ ಬೊಡ್ಡೆಯನ್ನೂ ಬೇರನ್ನೂ ಅಗೆದು ತೆಗೆದು ಸುಡತಕ್ಕದ್ದು. ಬಿಟ್ಟರೆ ರೋಗವು ಮಣ್ಣಿನ ಮೂಲಕ ನೆರೆಯ ಮರಗಳಿಗೆ ಹಬ್ಬುವುದು. ಕಡಿದ ಕಾಂಡಗಳನ್ನು ತೋಟದಲ್ಲಿ ಕೊಳೆಯಬಿಟ್ಟರೆ ಅವು ಕುರುವಾಯಿ ದುಂಬಿಯ ತವರಾಗುತ್ತವೆ. ದಿಮ್ಮಿ ಎಳೆಯುವಾಗ ನಿಂತ ತೆಂಗುಗಳಿಗೆ ಗಾಯವಾದರೆ ಆ ಗಾಯದ ವಾಸನೆಗೆ ಕೆಂಪುಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಹಳೆಯ ಹುಣಸೆಯೊಂದರ ಬೆಲೆಗೆ ಫಲ ಕೊಡುವ ನಾಲ್ಕು ತೆಂಗು ಹೋದರೆ ಲಾಭವೆಲ್ಲಿ? ಎಳೆಯುವ ದಾರಿಯ ಎರಡು ಪಕ್ಕದ ಬುಡಗಳಿಗೂ ಒಣಗರಿಯ ಕಟ್ಟುಗಳನ್ನು ಬಿಗಿದು ಕಾಪಾಡತಕ್ಕದ್ದು. ರೋಗದ ವಿಷಯದಲ್ಲಿ ಸಂಶಯವಿದ್ದರೆ ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

7. ಅಪ್ಪಣೆ

ಸ್ವಂತ ಜಮೀನಿನ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅಪ್ಪಣೆ ಪಡೆಯಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವಕ್ಕೆ ವಿನಾಯಿತಿಯುಂಟು. ಶ್ರೀಗಂಧವು 2001ರ ತಿದ್ದುಪಡಿಯಿಂದ ಜಮೀನಿನ ಮಾಲೀಕನದೇ ಆಗಿರುವುದಾದರೂ ಅದನ್ನು ಅಪ್ಪಣೆಯಿಲ್ಲದೆ ಕಡಿಯಕೂಡದು. ದಿಮ್ಮಿಗಳ ಸಾಗಣೆಗೆ ರಹದಾರಿ ಬೇಕೆ ಎಂಬುದನ್ನೂ ವಲಯ ಅರಣ್ಯ ಕಚೇರಿಯಲ್ಲಿ ಮುಂಚಿತವಾಗಿಯೇ ಕೇಳಿ ತಿಳಿಯತಕ್ಕದ್ದು. ಅಪ್ಪಣೆಯಿಲ್ಲದ ಕೆಲಸವು ರಾತ್ರಿಯ ಕೆಲಸವಾಗುತ್ತದೆ. ರಾತ್ರಿಯ ಕೆಲಸದಲ್ಲಿ ಅರ ಹಾಕುವ ಬೆಳಕೂ ಇಲ್ಲ, ಮರ ಬೀಳುವ ದಿಕ್ಕೂ ಕಾಣದು.

8. ಕೂಲಿಯ ಕರಾರು

ಇಷ್ಟನ್ನೂ ಓದಿದವರು, ಹತ್ಯಾರ ಆಳಿನದು, ಅದರ ಚಿಂತೆ ಮಾಲೀಕನಿಗೇಕೆ ಎಂದು ಕೇಳಬಹುದು. ಉತ್ತರವು ಕರಾರಿನಲ್ಲಿದೆ. ಮರಕ್ಕೆ ಇಷ್ಟು, ಟನ್ನಿಗೆ ಇಷ್ಟು ಎಂದು ಗೊತ್ತುಮಾಡಿದಾಗ ಅರ ಹಾಕುವ ಹೊತ್ತಿಗೆ ಯಾರೂ ಕೂಲಿ ಕೊಟ್ಟಂತಾಗುವುದಿಲ್ಲ. ಆದ್ದರಿಂದ ಆಳು ಅದನ್ನು ಉಳಿಸಲು ನೋಡುವನು. ಉದಾಹರಣೆಗೆ, ದಿನಕ್ಕೆ ಆರು ಬಾರಿ ಇಂಧನ ತುಂಬುವಾಗಲೂ ಹತ್ತು ನಿಮಿಷ ಅರ ಹಾಕಿದರೆ ಒಟ್ಟು ಒಂದು ಗಂಟೆ. ಎಂಟು ಗಂಟೆಯ ಕೆಲಸದಲ್ಲಿ ಈ ಒಂದು ಗಂಟೆಯು ವ್ಯರ್ಥವಾದಂತೆ ಕಾಣುವುದು. ಆದರೆ ಹರಿತವಾದ ಚೈನು ಹತ್ತು ನಿಮಿಷದಲ್ಲಿ ಮುಗಿಸುವ ಕೊಯ್ತಕ್ಕೆ ಮೊಂಡಾದುದು ಹದಿನೈದು ನಿಮಿಷ ತೆಗೆದುಕೊಂಡರೂ, ಆ ಒಂದು ಗಂಟೆಯನ್ನು ಉಳಿಸಿದವನು ಸಂಜೆಯ ಹೊತ್ತಿಗೆ ಅದಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತಾನೆ. ಸುಟ್ಟ ಇಂಧನ, ಸವೆದ ಪಟ್ಟಿ, ಸೋತ ತೋಳುಗಳ ಲೆಕ್ಕ ಬೇರೆ. ಸೋತ ಆಳು ಸಂಜೆಯ ಕಡೆಯ ಮರಕ್ಕೆ ಕೈಹಾಕಿದಾಗ ಅವನ ಕಣ್ಣೂ ಕಾಲೂ ಚುರುಕಾಗಿರುವುದಿಲ್ಲ.

ಹೀಗಿರುವಲ್ಲಿ ಮಾಲೀಕರು ಕರಾರು ಮಾಡುವಾಗಲೇ ಈ ಕೆಳಗಿನವುಗಳನ್ನು ಸೇರಿಸುವುದು ಯುಕ್ತ:

ಒಂದು, ಹತ್ಯಾರಗಳನ್ನು ಹಿಂದಿನ ದಿನವೇ ತರಿಸಿ ನೋಡುವುದು. ಕಾವು ಸಡಿಲವಾದ ಕೊಡಲಿ, ಬ್ರೇಕಿಲ್ಲದ ಯಂತ್ರ, ನೂಲು ಬಿಟ್ಟ ಮಿಣಿ ಇದ್ದರೆ ಕೆಲಸವನ್ನು ಮುಂದೂಡುವುದು.

ಎರಡು, ಅರ ಹಾಕುವ ಹೊತ್ತನ್ನು ಕೂಲಿಯೊಳಗೇ ಎಣಿಸಿಕೊಡುವುದು; ಅಂಥ ವೇಳೆಯಲ್ಲಿ ಆಳು ಕುಳಿತಿದ್ದಾನೆಂದು ಆಕ್ಷೇಪಿಸದಿರುವುದು.

ಮೂರು, ಬಿರುಗಾಳಿಯ ದಿನ, ಮುಂಗಾರಿಗೆ ಮುಂಚೆ ಸಂಜೆ ಗುಡುಗು ಕವಿಯುವ ಹೊತ್ತು, ಕತ್ತಲಾದ ಮೇಲೆ, ಮದ್ಯ ಸೇವಿಸಿ ಬಂದಾಗ ಕೆಲಸ ಮಾಡಿಸದಿರುವುದು. ಒಬ್ಬಂಟಿ ಆಳಿನಿಂದ ಮರ ಕೆಡಹಿಸದಿರುವುದು.

ನಾಲ್ಕು, ಮಕ್ಕಳನ್ನೂ ದನಗಳನ್ನೂ ದೂರವಿರಿಸಲು ಒಬ್ಬನನ್ನು ನೇಮಿಸುವುದು. ಊರದಾರಿಯ ಪಕ್ಕದ ಮರವಾದರೆ ಗ್ರಾಮದ ಮುಖಂಡರು ದಾರಿಯ ಎರಡು ಕಡೆಯಲ್ಲಿಯೂ ಜನರನ್ನು ನಿಲ್ಲಿಸುವುದು.

ಐದು, ಶುಭ್ರವಾದ ಬಟ್ಟೆ, ನೀರು ಮತ್ತು ಒಂದು ವಾಹನವನ್ನು ಸಿದ್ಧವಾಗಿರಿಸುವುದು. ಗಾಯವಾದರೆ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿದು ರಕ್ತವನ್ನು ನಿಲ್ಲಿಸುತ್ತಾ 108ಕ್ಕೆ ಕರೆಮಾಡುವುದು. ಕಾಫಿಪುಡಿ, ಸುಣ್ಣ, ಬೂದಿಗಳನ್ನು ಗಾಯಕ್ಕೆ ತುಂಬದಿರುವುದು.

ಒಂದು ಗ್ರಾಮದಲ್ಲಿ ನಾಲ್ಕಾರು ಮಾಲೀಕರು ಕೂಡಿ ಬೇಸಿಗೆಯ ಒಂದೇ ವಾರದಲ್ಲಿ ಮರ ಕಡಿಯಿಸುವುದಾದರೆ, ಒಳ್ಳೆಯ ತಂಡವೊಂದನ್ನು ಗೊತ್ತುಮಾಡಿ, ಅರ, ಬೆಣೆ, ಮಿಣಿ, ಗಟ್ಟಿ ಟೋಪಿಗಳನ್ನು ಚಂದಾ ಹಾಕಿ ಕೊಂಡು ಗ್ರಾಮದ ಸ್ವತ್ತಾಗಿ ಇಟ್ಟುಕೊಳ್ಳಬಹುದು. ಇದರ ಖರ್ಚು ಮನೆಮನೆಗೆ ಹಂಚಿದಾಗ ಅಲ್ಪವೇ ಸರಿ. ಅರ ಹಾಕುವುದನ್ನು ಚೆನ್ನಾಗಿ ಬಲ್ಲ ಒಬ್ಬ ಕಸಬುದಾರನಿಂದ ಊರಿನ ಇಬ್ಬರು ಹುಡುಗರಿಗೆ ಆ ವಿದ್ಯೆಯನ್ನು ಕಲಿಸಿದರೆ, ಅವರಿಗೂ ಜೀವನೋಪಾಯವಾಗುವುದು, ಊರಿನ ಹತ್ಯಾರಗಳೂ ಸುಸ್ಥಿತಿಯಲ್ಲಿರುವುವು. ಬರುವ ಬೇಸಿಗೆಯಲ್ಲಿ ಮರ ಕಡಿಯಿಸಬೇಕೆಂದಿರುವವರು ಅಪ್ಪಣೆಯ ಅರ್ಜಿಯನ್ನೂ ಹತ್ಯಾರಗಳ ತಪಾಸಣೆಯನ್ನೂ ಸುಗ್ಗಿಯ ಕಾಲದಲ್ಲಿಯೇ ಮುಗಿಸಿಕೊಳ್ಳುವುದು ಒಳ್ಳೆಯದು.